ಮ್ಯಾಸಿವ್ ಅಟ್ಯಾಕ್‌ನ ಮೊದಲ ಆಲ್ಬಮ್ 'ಬ್ಲೂ ಲೈನ್ಸ್': ಇದರಲ್ಲಿ ಅವರದ್ದೆಷ್ಟು, ಬೇರೆಯವರದ್ದೆಷ್ಟು?

ತುಂಗಾತೀರ
ಟ್ರಿಪ್-ಹಾಪ್ (ಹಿಪ್-ಹಾಪ್ ತಾಳವನ್ನು ನಿಧಾನ ಮಾಡಿ ಬೇರೆ ಸಂಗೀತದ ಜೊತೆ ಬೆರೆಸುವ ಶೈಲಿ) ಕೇಳುವವರು ಇಲ್ಲಿ ಎಷ್ಟು ಜನ ಇದ್ದೀರಿ? ಇಂಗ್ಲೆಂಡಿನ ಮ್ಯಾಸಿವ್ ಅಟ್ಯಾಕ್ ತಂಡ ಅಂದರೆ ನನಗೆ ಇಷ್ಟು ದಿನ 'ಟಿಯರ್‌ಡ್ರಾಪ್' ಒಂದೇ ಗೊತ್ತಿತ್ತು. ಅದೂ 'ಹೌಸ್' ಸೀರಿಯಲ್ ಶುರುವಾಗುವಾಗ ಬರುವ ಸಂಗೀತ ಅಂತ. ಈಗ ಅವರ ಮೊದಲ ಆಲ್ಬಮ್ 'ಬ್ಲೂ ಲೈನ್ಸ್' ಸಿಕ್ಕಿದೆ. 1991ರದ್ದು. 9 ಹಾಡು, ಮುಕ್ಕಾಲು ಗಂಟೆ. ಬಿಡಲು ಮನಸ್ಸೇ ಬರುತ್ತಿಲ್ಲ.

ಒಂದು ಹಾಡಿನಲ್ಲಿ ಜಮೈಕಾದ ರೆಗೆ ಗಾಯಕ. ಇನ್ನೊಂದರಲ್ಲಿ ದೊಡ್ಡ ವಯಲಿನ್ ತಂಡ. ಮತ್ತೊಂದು ಅಮೆರಿಕದ ಹಳೆಯ ಸೋಲ್ ಹಾಡು. ನಡುನಡುವೆ ಇಂಗ್ಲೆಂಡಿನ ಹುಡುಗರು ಪಿಸುಗುಟ್ಟಿದ ಹಾಗೆ ರ‍್ಯಾಪ್ ಮಾಡುತ್ತಾರೆ. ಇಷ್ಟೆಲ್ಲಾ ಇದ್ದರೂ ಒಂದೇ ಆಲ್ಬಮ್ ಅನ್ನಿಸುತ್ತದೆ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಗಿಟಾರ್ ನುಡಿಸುತ್ತಾರೆ. ಖುಷಿಯಿಂದ ಅವರಿಗೆ ಕೇಳಿಸಿದೆ. "ಇದರಲ್ಲಿ ಅವರದ್ದೇನಿದೆ? ಬೇರೆಯವರ ರೆಕಾರ್ಡಿನಿಂದ ತುಂಡು ಕತ್ತರಿಸಿ ಅಂಟಿಸಿದ್ದಾರೆ ಅಷ್ಟೇ" ಅಂದುಬಿಟ್ಟರು. ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ಹೇಳಿ. ಇಷ್ಟು ದೇಶಗಳ ಸದ್ದು ಇವರ ಕೈಗೆ ಹೇಗೆ ಬಂತು? ಇದನ್ನು ಬೆರೆಸುವುದು ಅನ್ನಬೇಕಾ, ಎತ್ತಿಕೊಳ್ಳುವುದು ಅನ್ನಬೇಕಾ?

ಕ್ಯಾಸೆಟ್ ಮೂಲೆ
ಮೊದಲು 'ಅನ್‌ಫಿನಿಶ್ಡ್ ಸಿಂಪತಿ' ಹಾಕಿ, ಹೆಡ್‌ಫೋನ್‌ನಲ್ಲಿ ಕೇಳಿಸಿ. ಆಮೇಲೂ ಅದೇ ಮಾತು ಹೇಳುತ್ತಾರಾ ನೋಡಿ.

ಡಬ್ ಕಿವಿ
ಒಳ್ಳೆಯ ಪ್ರಶ್ನೆ. ಉತ್ತರ ಇವರ ಊರು, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲೇ ಇದೆ.

ಇವರು ಮೊದಲಿಗೆ ಬ್ಯಾಂಡ್ ಆಗಿರಲೇ ಇಲ್ಲ. 80ರ ದಶಕದಲ್ಲಿ ಬ್ರಿಸ್ಟಲ್‌ನಲ್ಲಿ 'ವೈಲ್ಡ್ ಬಂಚ್' ಅಂತ ಒಂದು ಸೌಂಡ್ ಸಿಸ್ಟಮ್ ಗುಂಪಿತ್ತು. ಸೌಂಡ್ ಸಿಸ್ಟಮ್ ಅಂದರೆ ಜಮೈಕಾದ ಬೀದಿ ಸಂಪ್ರದಾಯ. ಆಳೆತ್ತರ ಸ್ಪೀಕರ್ ಜೋಡಿಸುವುದು, ಒಬ್ಬ ರೆಕಾರ್ಡ್ ಹಾಕುವುದು, ಇನ್ನೊಬ್ಬ ಅದರ ಮೇಲೆ ಮೈಕ್ ಹಿಡಿದು ಲಯಕ್ಕೆ ಮಾತಾಡುವುದು. ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದವರು ಇದನ್ನು ಬ್ರಿಸ್ಟಲ್‌ನ ಸೇಂಟ್ ಪಾಲ್ಸ್ ಬಡಾವಣೆಗೆ ತಂದರು. ವೈಲ್ಡ್ ಬಂಚ್ ಹುಡುಗರು 'ಡಗ್ ಔಟ್' ಅನ್ನೋ ಕ್ಲಬ್ಬಿನಲ್ಲಿ ರೆಕಾರ್ಡ್ ಹಾಕುತ್ತಿದ್ದರು. ಒಂದೇ ರಾತ್ರಿಯಲ್ಲಿ ರೆಗೆ, ಪಂಕ್, ಸೋಲ್, ನ್ಯೂಯಾರ್ಕಿನ ಹಿಪ್-ಹಾಪ್. ಮುಂದೆ ಆ ಗುಂಪಿನ ಮೂವರು ಸೇರಿ ಮ್ಯಾಸಿವ್ ಅಟ್ಯಾಕ್ ಆಯಿತು: ರಾಬರ್ಟ್ ಡೆಲ್ ನಾಜಾ ಉರುಫ್ ತ್ರೀಡಿ, ಗ್ರ್ಯಾಂಟ್ ಮಾರ್ಷಲ್ ಉರುಫ್ ಡ್ಯಾಡಿ ಜಿ, ಆಂಡ್ರ್ಯೂ ವೌಲ್ಸ್ ಉರುಫ್ ಮಶ್ರೂಮ್.

ಡ್ಯಾಡಿ ಜಿ ಅವರ ತಂದೆತಾಯಿ ಬಾರ್ಬಡೋಸ್‌ನಿಂದ ಬಂದವರು. ಅವರು ಸ್ವತಃ ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ತ್ರೀಡಿ ಗೋಡೆ ಮೇಲೆ ಗ್ರಾಫಿಟಿ ಬರೆಯುತ್ತಿದ್ದವರು. ಹಾಗಾಗಿ ಇವರು ದೇಶ ದೇಶ ಸುತ್ತಿ ಸದ್ದು ಹುಡುಕಲಿಲ್ಲ. ರೆಗೆ ಇವರ ಪಕ್ಕದ ಬೀದಿಯ ಸಂಗೀತ. ಉಳಿದದ್ದು ಅಂಗಡಿಯ ಕಪಾಟಿನಲ್ಲಿತ್ತು. 'ಎತ್ತಿಕೊಂಡರು' ಅನ್ನುವವರು ಈ ಹಿನ್ನೆಲೆ ಮರೆಯುತ್ತಾರೆ.

ಗಿಟಾರ್ ಗಣಿ
ನಾನು ಒಪ್ಪುವುದಿಲ್ಲ. ತುಂಗಾತೀರ ಅವರ ಸಹೋದ್ಯೋಗಿ ಹೇಳಿದ್ದರಲ್ಲಿ ಹುರುಳಿದೆ. 'ಸೇಫ್ ಫ್ರಮ್ ಹಾರ್ಮ್' ತೆಗೆದುಕೊಳ್ಳಿ. ಅದರ ಬೇಸ್, ಡ್ರಮ್ ಎರಡೂ ಡ್ರಮ್ಮರ್ ಬಿಲ್ಲಿ ಕೋಬಮ್ ಅವರ 'ಸ್ಟ್ರೇಟಸ್' ಹಾಡಿನದ್ದು. 1973ರ 'ಸ್ಪೆಕ್ಟ್ರಮ್' ಆಲ್ಬಮ್. ಬೇಸ್ ನುಡಿಸಿದ್ದು ಲೀ ಸ್ಕ್ಲಾರ್. ಆ ಬೇಸ್ ತೆಗೆದುಬಿಟ್ಟರೆ ಹಾಡಿನ ಬೆನ್ನುಮೂಳೆಯೇ ಇಲ್ಲ. ನುಡಿಸಿದವನ ಬೆರಳಿನ ಶ್ರಮ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು. ಇದು ಸರಿಯಾ?

ಡಬ್ ಕಿವಿ
ಹೆಸರು ಮುಚ್ಚಿಟ್ಟಿಲ್ಲ ಗುರು. ಆ ಹಾಡಿನ ರಚನೆಕಾರರ ಪಟ್ಟಿಯಲ್ಲಿ ಕೋಬಮ್ ಹೆಸರಿದೆ.

ಗಿಟಾರ್ ಗಣಿ
ಕೋಬಮ್ ಹೆಸರಿದೆ, ಸರಿ. ಸ್ಕ್ಲಾರ್ ಹೆಸರು ಎಲ್ಲಿದೆ? ಕೇಳುಗರ ಕಿವಿಗೆ ಅಂಟಿಕೊಳ್ಳುವುದು ಆ ಬೇಸ್ ತಾನೇ? ನುಡಿಸುವವರಿಗೆ ಆ ದಿನದ ಕೂಲಿ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ಸಿನಿಮಾ ಸಂಗೀತದಲ್ಲೂ ಇದೇ ಕಥೆ. ಹಾಡಿನ ಶುರುವಿನ ಗಿಟಾರ್ ಎಲ್ಲರ ಬಾಯಲ್ಲಿರುತ್ತದೆ, ನುಡಿಸಿದವರು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಮಿಕ್ಸಿಂಗ್ ಮಂಜು
ಗಣಿ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ 'ಕತ್ತರಿಸಿ ಅಂಟಿಸುವುದು' ಅಂದಷ್ಟು ಸುಲಭದ ಕೆಲಸ ಅಲ್ಲ ಇದು. ನಾನು ಸ್ಟುಡಿಯೋದಲ್ಲಿ ಕೂರುವವನು, ಅದನ್ನೇ ಹೇಳುತ್ತೇನೆ.

ಮೂಲ 'ಸ್ಟ್ರೇಟಸ್' ಸುಮಾರು 10 ನಿಮಿಷದ ಹಾಡು. ಅದರಲ್ಲಿ ಆ ಬೇಸ್ ಒಂದು ಹಾಸು. ಅದರ ಮೇಲೆ ಗಿಟಾರಿನವರು, ಕೀಬೋರ್ಡಿನವರು ಒಬ್ಬರ ಮೇಲೊಬ್ಬರು ಏರುತ್ತಾ ಹೋಗುತ್ತಾರೆ. ಕೇಳುವಾಗ ಗಮನ ಎಲ್ಲಾ ಮೇಲೆಯೇ ಇರುತ್ತದೆ. ಮ್ಯಾಸಿವ್ ಅಟ್ಯಾಕ್ ಮಾಡಿದ್ದು ಏನು? ಮೇಲಿನದ್ದನ್ನೆಲ್ಲಾ ಬಿಟ್ಟರು. ಹಾಸನ್ನೇ ಮುಂದೆ ತಂದರು. ಅದನ್ನು ಸುತ್ತಿಸುತ್ತಲೇ ಹೋದರು. ಅದರ ಮೇಲೆ ಗಾಯಕಿ ಷಾರಾ ನೆಲ್ಸನ್ ಧ್ವನಿ ಇಟ್ಟರು. ಮೂಲದಲ್ಲಿ ಅದೇ ಬೇಸ್ ಹುರುಪು ಕೊಡುತ್ತದೆ. ಇಲ್ಲಿ ಯಾರೋ ಹಿಂದೆ ಬರುತ್ತಿದ್ದಾರೆ ಅನ್ನುವ ಭಯ ಹುಟ್ಟಿಸುತ್ತದೆ. ಒಂದು ಸ್ವರವೂ ಬದಲಾಗಿಲ್ಲ. ಎಲ್ಲಿ ನಿಲ್ಲಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಅನ್ನುವ ಕಿವಿ ಇದ್ದವರಿಗೆ ಮಾತ್ರ ಇದು ಸಾಧ್ಯ.

ರೆಕಾರ್ಡಿನ ತುಂಡು (ಸ್ಯಾಂಪಲ್) ಹಿಡಿದಿಟ್ಟು ಮತ್ತೆ ನುಡಿಸುವ ಆಗಿನ ಸ್ಯಾಂಪ್ಲರ್‌ಗಳಲ್ಲಿ ಮೆಮೊರಿ ಬಹಳ ಕಡಿಮೆ ಅನ್ನುವುದೂ ನೆನಪಿರಲಿ. ಈಗಿನ ಹಾಗೆ ಇಡೀ ಹಾಡನ್ನು ಎಳೆದು ಹಾಕಿ ಆಟ ಆಡಲು ಆಗುತ್ತಿರಲಿಲ್ಲ. ಬೇಕಾದ ತುಂಡು ಯಾವುದು ಅಂತ ಮೊದಲೇ ತಲೆಯಲ್ಲಿ ಇರಬೇಕಿತ್ತು.

ಕ್ಯಾಸೆಟ್ ಮೂಲೆ
ಕಾಲವನ್ನೂ ನೋಡಬೇಕು. ಆಲ್ಬಮ್ ಬಂದದ್ದು 1991ರ ಏಪ್ರಿಲ್. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ತೀರ್ಪು ಬಂತು. ಅಲ್ಲಿಂದ ಮುಂದೆ ಪ್ರತಿ ತುಂಡಿಗೂ ಮೊದಲೇ ಅನುಮತಿ ಪಡೆಯುವುದು ಅನಿವಾರ್ಯವಾಯಿತು, ಖರ್ಚೂ ಏರಿತು. ಅದಕ್ಕೂ ಮುಂಚಿನ ಸ್ವಾತಂತ್ರ್ಯದಲ್ಲಿ ಹುಟ್ಟಿದ ಆಲ್ಬಮ್ ಇದು.

ಮಹಾವಿಷ್ಣು ಭಕ್ತ
ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. 'ಬ್ಲೂ ಲೈನ್ಸ್'ನ 9 ಹಾಡುಗಳಲ್ಲಿ 3 ಹಾಡು ಮಹಾವಿಷ್ಣು ಆರ್ಕೆಸ್ಟ್ರಾದ ಋಣ ಹೊತ್ತಿವೆ!

ಜಾನ್ ಮೆಕ್‌ಲಾಫ್ಲಿನ್ ಕಟ್ಟಿದ ಜಾಝ್-ರಾಕ್ ತಂಡ ಅದು. 'ಮಹಾವಿಷ್ಣು' ಅನ್ನುವುದು ಅವರಿಗೆ ಗುರು ಶ್ರೀ ಚಿನ್ಮಯ್ ಇಟ್ಟ ಹೆಸರು. 'ಒನ್ ಲವ್' ಹಾಡಿನಲ್ಲಿ ಸುತ್ತುವ ಆ ಸ್ವರಗುಚ್ಛ, 1971ರ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್' ಆಲ್ಬಮ್ಮಿನ 'ಯು ನೋ ಯು ನೋ'ದಿಂದ ಬಂದದ್ದು. 'ಅನ್‌ಫಿನಿಶ್ಡ್ ಸಿಂಪತಿ'ಯಲ್ಲಿ ಹಿಂದಿನಿಂದ 'ಹೇ ಹೇ' ಅಂತ ಕೂಗುವ ದನಿ ಇದೆಯಲ್ಲ, ಅದು 1976ರ 'ಪ್ಲಾನೆಟರಿ ಸಿಟಿಝನ್'ನಿಂದ. 'ಸೇಫ್ ಫ್ರಮ್ ಹಾರ್ಮ್'ನ ಕೋಬಮ್ ಯಾರು? ಮಹಾವಿಷ್ಣುವಿನ ಡ್ರಮ್ಮರ್. ಅಂದರೆ ಮೂರರಲ್ಲೂ ಅವರದ್ದೇ ಡ್ರಮ್ಸ್.

ಮೆಕ್‌ಲಾಫ್ಲಿನ್ ಮುಂದೆ ಏನು ಮಾಡಿದರು ಅಂತ ನಿಮಗೆಲ್ಲಾ ಗೊತ್ತಿದೆ. ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ 'ಶಕ್ತಿ' ಕಟ್ಟಿದರು. ಬ್ರಿಸ್ಟಲ್ ಆಲ್ಬಮ್ಮಿನ ಒಳಗೆ ನಮ್ಮ ಸಂಗೀತದ ಒಂದು ಎಳೆ ಇದೆ ಅನ್ನಲು ಇಷ್ಟು ಸಾಕಲ್ವಾ?

ಮಿಕ್ಸಿಂಗ್ ಮಂಜು
ಮೂರರಲ್ಲೂ ಕೋಬಮ್ ಅಲ್ಲ. 1976ರ ಹೊತ್ತಿಗೆ ಅವರು ಆ ತಂಡ ಬಿಟ್ಟಿದ್ದರು. ಆಗ ಡ್ರಮ್ಸ್‌ನಲ್ಲಿ ಇದ್ದದ್ದು ನಾರದ ಮೈಕಲ್ ವಾಲ್ಡನ್. ಉಳಿದದ್ದು ಸರಿ ಇದೆ.

ವೀಣಾ ಟೀಚರ್
ಭಕ್ತರೇ, 'ನಮ್ಮ ಸಂಗೀತ' ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳೋಣ. ತಂಡದ ಹೆಸರು ಮಹಾವಿಷ್ಣು ಅಂದಾಕ್ಷಣ ಸಂಗೀತ ಕರ್ನಾಟಕ ಶೈಲಿಯದ್ದು ಆಗುವುದಿಲ್ಲ. ಮ್ಯಾಸಿವ್ ಅಟ್ಯಾಕ್‌ನವರು ತೆಗೆದುಕೊಂಡ ತುಂಡುಗಳಲ್ಲಿ ರಾಗವೂ ಇಲ್ಲ, ಗಮಕವೂ ಇಲ್ಲ. ಅವರು ಅದನ್ನು ಭಾರತದ ಸಂಗೀತ ಅಂತ ಆರಿಸಿಕೊಂಡದ್ದಲ್ಲ. ಒಳ್ಳೆಯ ಲಯ, ಒಳ್ಳೆಯ ಬಣ್ಣ ಅಂತ ಆರಿಸಿದರು.

ಆದರೆ 'ಯು ನೋ ಯು ನೋ' ಕೇಳಿ ನನಗೆ ಬೇರೊಂದು ಹೊಳೆಯಿತು. ಆ ಹಾಡಿನಲ್ಲಿ ಒಂದೇ ಸ್ವರಗುಚ್ಛ ನಿಧಾನವಾಗಿ, ಹಾಗೇ, ಮತ್ತೆ ಮತ್ತೆ ಬರುತ್ತದೆ. ಮೇಲೆ ಡ್ರಮ್ಸ್ ತನ್ನ ಪಾಡಿಗೆ ಮಾತಾಡುತ್ತದೆ. ಹಿಂದೂಸ್ತಾನಿಯಲ್ಲಿ ತಬಲಾ ಸೋಲೋ ನಡೆಯುವಾಗ ಸಾರಂಗಿಯೋ ಹಾರ್ಮೋನಿಯಮ್ಮೋ ಲೆಹರಾ ನುಡಿಸುತ್ತದಲ್ಲ, ನನಗೆ ಅದೇ ನೆನಪಾಯಿತು. ರಾಗದವರು ಕಾಯುತ್ತಾರೆ, ತಾಳದವರು ಮಾತಾಡುತ್ತಾರೆ. 'ಒನ್ ಲವ್'ನಲ್ಲಿ ಇದು ತಿರುವುಮುರುವು. ಮಾತಾಡುವ ಡ್ರಮ್ಸ್ ಜಾಗಕ್ಕೆ ಒಂದೇ ಸಮನೆ ನಡೆಯುವ ತಾಳ ಬಂತು. ಖಾಲಿಯಾದ ಜಾಗದಲ್ಲಿ ಜಮೈಕಾದ ರೆಗೆ ಗಾಯಕ ಹೊರೇಸ್ ಆಂಡಿ ಹಾಡುತ್ತಾರೆ. ಆ ನಡುಗುವ ಎತ್ತರದ ದನಿಗೆ ಅಷ್ಟು ಜಾಗ ಬೇಕೇ ಬೇಕಿತ್ತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ನಾನು ಹೇಳಿದ್ದು ತಿಳಿಯುತ್ತದೆ.

ಮಹಾವಿಷ್ಣು ಭಕ್ತ
ಲೆಹರಾ ಮಾತು ಬಹಳ ಚೆನ್ನಾಗಿದೆ ಮೇಡಂ. ಆದರೂ ಎಳೆ ಇಲ್ಲವೇ ಇಲ್ಲ ಅನ್ನಬೇಡಿ. ಮೆಕ್‌ಲಾಫ್ಲಿನ್ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತವರು.

ವೀಣಾ ಟೀಚರ್
ಮೆಕ್‌ಲಾಫ್ಲಿನ್ ಕಲಿತರು, ನಿಜ. ಬ್ರಿಸ್ಟಲ್‌ನವರು ಮೆಕ್‌ಲಾಫ್ಲಿನ್ ರೆಕಾರ್ಡ್ ಕೇಳಿದರು, ಅದೂ ನಿಜ. ಅಷ್ಟಕ್ಕೇ ನಿಲ್ಲಿಸೋಣ.

ಹುಬ್ಬಳ್ಳಿ ಹೈಫೈ
ಯಾವ ಫೋನಿನ ಸ್ಪೀಕರ್‌ನಲ್ಲಿ ಕೇಳಿ ಜಗಳ ಆಡುತ್ತಿದ್ದೀರಿ? ಈ ಆಲ್ಬಮ್ಮಿನ ಅರ್ಧ ಜೀವ ಬೇಸ್‌ನಲ್ಲಿದೆ. ಫೋನಿನಲ್ಲಿ ಅದು ಬರುವುದೇ ಇಲ್ಲ. 2012ರಲ್ಲಿ ಹೊಸದಾಗಿ ರೀಮಾಸ್ಟರ್ ಮಾಡಿ ಬಿಟ್ಟಿದ್ದಾರೆ, ಅದನ್ನು ದೊಡ್ಡ ಸ್ಪೀಕರ್‌ನಲ್ಲಿ ಕೇಳಿ.

ನಿದ್ದೆಗೆಟ್ಟವಳು
ಎಲ್ಲರೂ ಹೊಗಳುತ್ತಿದ್ದೀರಿ, ನನಗೆ ಮಾತ್ರ ಹಿಡಿಸಲಿಲ್ಲ. ಶೀರ್ಷಿಕೆ ಹಾಡು 'ಬ್ಲೂ ಲೈನ್ಸ್', ಆಮೇಲೆ 'ಫೈವ್ ಮ್ಯಾನ್ ಆರ್ಮಿ', ಎರಡೂ ಎಳೆದಾಡಿದ ಹಾಗಿವೆ. ಮೂರು ನಾಲ್ಕು ಜನ ಸರದಿಯಲ್ಲಿ ಗೊಣಗುತ್ತಾರೆ. ಟ್ರಿಪ್-ಹಾಪ್ ಬೇಕು ಅಂದರೆ ಪೋರ್ಟಿಸ್‌ಹೆಡ್‌ನವರ 'ಡಮ್ಮಿ' ಕೇಳಿ. 1994ರದ್ದು. ಮರುವರ್ಷ ಬ್ರಿಟನ್ನಿನ ಮರ್ಕ್ಯುರಿ ಆಲ್ಬಮ್ ಪ್ರಶಸ್ತಿ ಗೆದ್ದಿತು. ಅದರಲ್ಲಿ ದುಃಖ ಇದೆ, ಹಾಡು ಇದೆ.

ಡಬ್ ಕಿವಿ
ಆ 'ಡಮ್ಮಿ' ಹುಟ್ಟಿದ್ದೇ ಇದರ ಮಡಿಲಲ್ಲಿ! ಪೋರ್ಟಿಸ್‌ಹೆಡ್‌ನ ಜೆಫ್ ಬ್ಯಾರೋ, 'ಬ್ಲೂ ಲೈನ್ಸ್' ರೆಕಾರ್ಡ್ ಆಗುವಾಗ ಬ್ರಿಸ್ಟಲ್‌ನ ಕೋಚ್ ಹೌಸ್ ಸ್ಟುಡಿಯೋದಲ್ಲಿ ಟೇಪ್ ನೋಡಿಕೊಳ್ಳುವ ಹುಡುಗ. 'ಫೈವ್ ಮ್ಯಾನ್ ಆರ್ಮಿ'ಯಲ್ಲಿ ಗೊಣಗುವವರಲ್ಲಿ ಒಬ್ಬ ಟ್ರಿಕಿ. 1995ರಲ್ಲಿ ಅವರೇ 'ಮ್ಯಾಕ್ಸಿನ್‌ಕ್ವೇ' ಮಾಡಿದ್ದು.

ನಿದ್ದೆಗೆಟ್ಟವಳು
ಮಡಿಲಲ್ಲಿ ಹುಟ್ಟಿದ್ದು ತಾಯಿಗಿಂತ ಚೆನ್ನಾಗಿರಬಾರದಾ? ನನಗೆ ಈಗಲೂ 'ಡಮ್ಮಿ'ಯೇ.

ಏವನ್ ದಂಡೆ
ನಾನು ಕೆಲಸಕ್ಕೆ ಅಂತ ಬಂದು ಬ್ರಿಸ್ಟಲ್‌ನಲ್ಲೇ ನೆಲೆಸಿದವನು. ಆ 'ಗೊಣಗುವುದರ' ಬಗ್ಗೆ ಒಂದು ಮಾತು.

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ರ‍್ಯಾಪ್ ಮಾಡುವ ಎಷ್ಟೋ ಹುಡುಗರು ಅಮೆರಿಕದವರ ಹಾಗೆ ನಾಲಿಗೆ ತಿರುಗಿಸುತ್ತಿದ್ದರು. ತ್ರೀಡಿ, ಟ್ರಿಕಿ ಹಾಗೆ ಮಾಡಲಿಲ್ಲ. ತಮ್ಮ ಊರಿನ ಉಚ್ಚಾರಣೆಯಲ್ಲೇ, ಗಂಟಲು ಎತ್ತರಿಸದೆ ಹೇಳಿದರು. ಇಲ್ಲಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಮಾತಾಡುವುದು ಕೇಳಿದರೆ ಅದೇ ರಾಗ. ಇಲ್ಲಿಯವರು ಅದನ್ನು ಎಷ್ಟು ಪ್ರೀತಿಸುತ್ತಾರೆ ಅಂದರೆ, ಆ ಹಾಡು ಬಂದರೆ ದನಿಗೂಡಿಸುತ್ತಾರೆ.

ಸೇಂಟ್ ಪಾಲ್ಸ್ ಬಗ್ಗೆ ಮೇಲೆ ಬರೆದಿದ್ದಾರೆ. 1968ರಿಂದ ಅಲ್ಲಿ ಕಾರ್ನಿವಲ್ ಇದೆ. ಬೀದಿಯ ತಿರುವಿನಲ್ಲಿ ಸ್ಪೀಕರ್ ಗೋಡೆ ಎಬ್ಬಿಸುತ್ತಾರೆ. ಪಕ್ಕದಲ್ಲಿ ನಿಂತರೆ ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬೇಸ್ ತಾಕುತ್ತದೆ. ಶರ್ಟಿನ ಗುಂಡಿ ಅದುರುವುದು ಕೈಗೆ ಗೊತ್ತಾಗುತ್ತದೆ. ಅಲ್ಲಿ ನಿಂತು ಬಂದ ಮೇಲೆ 'ಬ್ಲೂ ಲೈನ್ಸ್' ಯಾಕೆ ಅಷ್ಟು ನಿಧಾನ, ಯಾಕೆ ಅಷ್ಟು ಕೆಳಸ್ವರ ಅಂತ ನಾನು ಕೇಳಲೇ ಇಲ್ಲ.

ಆ ಬಡಾವಣೆಗೆ ನೋವಿನ ಚರಿತ್ರೆಯೂ ಇದೆ. 1963ರಲ್ಲಿ ಇಲ್ಲಿನ ಬಸ್ ಕಂಪನಿ ಕರಿಯರಿಗೆ, ಏಷ್ಯಾದವರಿಗೆ ಬಸ್ಸಿನಲ್ಲಿ ಕೆಲಸ ಕೊಡುವುದಿಲ್ಲ ಅಂದಿತು. ಜನ ಬಸ್ ಹತ್ತುವುದನ್ನೇ ಬಿಟ್ಟು ಹೋರಾಡಿ ಗೆದ್ದರು. 1980ರ ಏಪ್ರಿಲ್‌ನಲ್ಲಿ ಸೇಂಟ್ ಪಾಲ್ಸ್‌ನಲ್ಲಿ ಪೊಲೀಸರ ಜೊತೆ ದೊಡ್ಡ ಗಲಭೆ ಆಯಿತು. ವೈಲ್ಡ್ ಬಂಚ್ ಹುಡುಗರು ಬೆಳೆದದ್ದು ಆ ವರ್ಷಗಳಲ್ಲಿ. ಬಿಳಿಯರು, ಕರಿಯರು ಒಂದೇ ಕ್ಲಬ್ಬಿನಲ್ಲಿ ಒಂದೇ ರೆಕಾರ್ಡಿಗೆ ಕುಣಿಯುವುದು ಆಗ ಸಣ್ಣ ಮಾತಲ್ಲ.

ಕಾಫಿ ಎರಡು ಲೋಟ
ಕಾಲ್‌ಸ್ಟನ್ ಹಾಲ್ ವಿಷಯ ಇವರದ್ದೇ ಅಲ್ವಾ? ಆ ಹಾಲ್‌ನಲ್ಲಿ ಹಾಡುವುದಿಲ್ಲ ಅಂತ ನಿಂತವರು?

ಏವನ್ ದಂಡೆ
ಹೌದು. ಎಡ್ವರ್ಡ್ ಕಾಲ್‌ಸ್ಟನ್ ಗುಲಾಮರ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಊರಿನ ದೊಡ್ಡ ಸಂಗೀತ ಸಭಾಂಗಣಕ್ಕೆ ಅವನ ಹೆಸರಿತ್ತು. ತಮ್ಮದೇ ಊರಾದರೂ ಮ್ಯಾಸಿವ್ ಅಟ್ಯಾಕ್ ಅಲ್ಲಿ ಹಾಡಲು ಒಪ್ಪಲಿಲ್ಲ. 2020ರ ಜೂನ್‌ನಲ್ಲಿ ಜನ ಅವನ ಪ್ರತಿಮೆ ಕೆಡವಿ ಬಂದರಿನ ನೀರಿಗೆ ಹಾಕಿದರು. ಅದೇ ವರ್ಷ ಹಾಲ್‌ನ ಹೆಸರನ್ನು 'ಬ್ರಿಸ್ಟಲ್ ಬೀಕನ್' ಅಂತ ಬದಲಿಸಿದರು.

ಗಿಟಾರ್ ಗಣಿ
ಅದಕ್ಕೆ ನನ್ನ ಪೂರ್ತಿ ಗೌರವ ಇದೆ. ಆದರೆ ಚರ್ಚೆ ಸ್ಯಾಂಪಲ್ ಬಗ್ಗೆ ಇತ್ತು. ಅಲ್ಲಿಗೇ ಬನ್ನಿ.

ಕ್ಯಾಸೆಟ್ ಮೂಲೆ
ಬರೋಣ. 'ಅನ್‌ಫಿನಿಶ್ಡ್ ಸಿಂಪತಿ' ಬಗ್ಗೆ ಹೇಳುತ್ತೇನೆ, ಇದು ನಿಮ್ಮ ಪ್ರಶ್ನೆಗೇ ಉತ್ತರ.

ಹಾಡಿಗೆ ಮೊದಲು ತಂತಿವಾದ್ಯದ ಸದ್ದನ್ನು ಕೀಬೋರ್ಡಿನಲ್ಲೇ ಹಾಕಿದ್ದರು. ಅದು ಸಾಲದು ಅನ್ನಿಸಿತು. ನಿಜವಾದ ಆರ್ಕೆಸ್ಟ್ರಾನೇ ಬೇಕು ಅಂದರು. ವಿಲ್ ಮಲೋನ್ ಸಂಯೋಜನೆ ಬರೆದರು, ಲಂಡನ್‌ನ ಆಬಿ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು. ಖರ್ಚು ಸರಿದೂಗಿಸಲು ಕಾರನ್ನೇ ಮಾರಿದರು. ಸುಮ್ನೆ ಕತ್ತರಿಸಿ ಅಂಟಿಸುವವರಾಗಿದ್ದರೆ ಯಾವುದಾದರೂ ಹಳೆಯ ರೆಕಾರ್ಡಿನಿಂದ ನಾಲ್ಕು ವಯಲಿನ್ ಎತ್ತಿ ಹಾಕಬಹುದಿತ್ತಲ್ಲ? ಕೊನೆಯಲ್ಲಿ ತಾಳ ನಿಂತ ಮೇಲೂ ವಯಲಿನ್‌ಗಳು ಉಳಿಯುತ್ತವೆ, ಗಮನಿಸಿ.

ಆ ಹಾಡು ಬಿಡುಗಡೆಯಾದದ್ದು 1991ರ ಫೆಬ್ರವರಿ. ಕೊಲ್ಲಿ ಯುದ್ಧ ನಡೆಯುತ್ತಿತ್ತು. 'ಅಟ್ಯಾಕ್' ಅನ್ನುವ ಪದ ಇದ್ದರೆ ರೇಡಿಯೋದಲ್ಲಿ ಹಾಕುವುದಿಲ್ಲ ಅನ್ನುವ ಭಯಕ್ಕೆ ತಂಡದ ಹೆಸರನ್ನು ಬರೀ 'ಮ್ಯಾಸಿವ್' ಅಂತ ಅಚ್ಚು ಹಾಕಿದರು. ಬ್ರಿಟನ್ ಪಟ್ಟಿಯಲ್ಲಿ 13ನೇ ಸ್ಥಾನದವರೆಗೆ ಏರಿತು.

ಸರಳಾ ಹೆಗ್ಗೋಡು
ಇಷ್ಟೆಲ್ಲಾ ಬರೆದಿರಿ. ಷಾರಾ ನೆಲ್ಸನ್ ಹೆಸರು ಒಂದೇ ಒಂದು ಸಲ ಬಂದಿದೆ. ನನಗೆ ಅದೇ ಬೇಸರ.

ಸ್ಯಾಂಪಲ್ ಯಾರದ್ದು ಅಂತ ಜಗಳ ಆಡುತ್ತೀರಿ. ಆಲ್ಬಮ್ಮಿಗೆ ಎದೆ ಕೊಟ್ಟ ಹೆಂಗಸಿನ ಬಗ್ಗೆ ಯಾರೂ ಕೇಳುವುದಿಲ್ಲ. 'ಅನ್‌ಫಿನಿಶ್ಡ್ ಸಿಂಪತಿ'ಯ ರಚನೆಕಾರರಲ್ಲಿ ಅವರೂ ಒಬ್ಬರು, ಬರೀ ಹಾಡಿದವರಲ್ಲ. ಆ ಹಾಡಿನ ವಿಡಿಯೋ ನೋಡಿ. ಬೇಲಿ ವಾಲ್ಷ್ ನಿರ್ದೇಶನ. ಲಾಸ್ ಏಂಜಲೀಸ್‌ನ ಪಿಕೋ ಬುಲೆವಾರ್ಡ್‌ನಲ್ಲಿ ಷಾರಾ ಹಾಡುತ್ತಾ ನಡೆಯುತ್ತಾ ಹೋಗುತ್ತಾರೆ. ಕಟ್ ಇಲ್ಲದೆ ಒಂದೇ ಓಟದಲ್ಲಿ ತೆಗೆದದ್ದು. ಸುತ್ತ ಏನೇನೋ ನಡೆಯುತ್ತಿರುತ್ತದೆ. ಅವರು ಯಾರ ಕಡೆಯೂ ತಿರುಗುವುದಿಲ್ಲ. ಇಡೀ ಹಾಡನ್ನು ಒಬ್ಬಳು ಹೆಗಲ ಮೇಲೆ ಹೊತ್ತು ನಡೆದ ಹಾಗಿದೆ.

ಈ ಆಲ್ಬಮ್ ಆದ ಮೇಲೆ ಷಾರಾ ತಂಡ ಬಿಟ್ಟರು. 1993ರಲ್ಲಿ 'ವಾಟ್ ಸೈಲೆನ್ಸ್ ನೋಸ್' ಅನ್ನುವ ತಮ್ಮದೇ ಆಲ್ಬಮ್ ಮಾಡಿದರು, ಅದು ಮರ್ಕ್ಯುರಿ ಪ್ರಶಸ್ತಿಯ ಪಟ್ಟಿಗೂ ಹೋಯಿತು. ಆದರೆ ಜನರಿಗೆ ಮೂವರು ಗಂಡಸರ ಹೆಸರು ಮಾತ್ರ ನೆನಪು.

ನಿದ್ದೆಗೆಟ್ಟವಳು
ಇದಕ್ಕೆ ನನ್ನ ಪೂರ್ತಿ ಸಹಮತ. ಟ್ರಿಪ್-ಹಾಪ್ ಅಂದರೆ ನೆನಪಾಗುವ ದನಿಗಳೆಲ್ಲಾ ಹೆಂಗಸರದ್ದೇ. ಷಾರಾ, ಬೆತ್ ಗಿಬನ್ಸ್, ಮಾರ್ಟಿನಾ, ಟ್ರೇಸಿ ಥಾರ್ನ್, ಸ್ಕೈ ಎಡ್ವರ್ಡ್ಸ್. ಪೋಸ್ಟರ್ ಮಾತ್ರ ಗಂಡಸರದ್ದು.

ಮಿಕ್ಸಿಂಗ್ ಮಂಜು
ಇನ್ನೊಬ್ಬ ಹೆಂಗಸನ್ನೂ ಸೇರಿಸಿ. ಗಾಯಕಿ ನೆನೆ ಚೆರ್ರಿ ಇಲ್ಲದಿದ್ದರೆ ಈ ಆಲ್ಬಮ್ಮೇ ಇರುತ್ತಿರಲಿಲ್ಲ. 1989ರ ಅವರ 'ರಾ ಲೈಕ್ ಸುಶಿ' ಆಲ್ಬಮ್ ದೊಡ್ಡ ಯಶಸ್ಸು. ಅದರ 'ಮ್ಯಾನ್‌ಚೈಲ್ಡ್' ಹಾಡು ಬರೆಯುವುದರಲ್ಲಿ ತ್ರೀಡಿ ಕೈ ಇತ್ತು. ಆ ಪರಿಚಯದಿಂದ ನೆನೆ ಮತ್ತು ಅವರ ಪತಿ ಕ್ಯಾಮರನ್ ಮೆಕ್‌ವೇ ಈ ಹುಡುಗರನ್ನು ಹಿಡಿದು ಕೂರಿಸಿ ಕೆಲಸ ಮಾಡಿಸಿದರು. ಒಂದಷ್ಟು ರೆಕಾರ್ಡಿಂಗ್ ಲಂಡನ್‌ನ ಅವರ ಮನೆಯಲ್ಲೇ, ಮಗುವಿನ ಕೋಣೆಯಲ್ಲಿ ಆಯಿತು. ಜಾನಿ ಡಾಲರ್ ನಿರ್ಮಾಪಕರಲ್ಲಿ ಒಬ್ಬರು. ಕೊನೆಯ ಹಾಡು 'ಹಿಮ್ ಆಫ್ ದ ಬಿಗ್ ವೀಲ್' ಬರೆದವರಲ್ಲಿ ನೆನೆ ಕೂಡ ಇದ್ದಾರೆ.

ಬೇರೆ ಬೇರೆ ದೇಶದ ಸದ್ದು ಅಂದಿರಲ್ಲ, ನೆನೆ ಹಿನ್ನೆಲೆ ನೋಡಿ. ಹುಟ್ಟಿದ್ದು ಸ್ವೀಡನ್. ತಂದೆ ಸಿಯೆರಾ ಲಿಯೋನ್‌ನವರು. ಸಾಕಿದ ತಂದೆ ಡಾನ್ ಚೆರ್ರಿ, ಜಾಝ್ ಟ್ರಂಪೆಟ್ ವಾದಕ. ಅವರು ತಬಲಾ ವಾದಕ ಲತೀಫ್ ಖಾನ್ ಜೊತೆ ಆಲ್ಬಮ್ ಮಾಡಿದವರು.

ತುಂಗಾತೀರ
ನಾನು ಒಂದು ಪ್ರಶ್ನೆ ಕೇಳಿದೆ, ನೀವೆಲ್ಲಾ ಒಂದು ಊರನ್ನೇ ತೋರಿಸಿದಿರಿ. ಬಹಳ ಖುಷಿಯಾಯಿತು. 'ಡೇಡ್ರೀಮಿಂಗ್' ಬಗ್ಗೆ ಯಾರಾದರೂ ಹೇಳುತ್ತೀರಾ? ಅದರ ಹಿಂದಿನ ಆ ಮೆತ್ತನೆಯ ಸಿಂಥ್ ಎಲ್ಲಿಯದು? ಆಫ್ರಿಕಾದ್ದು ಅನ್ನಿಸುತ್ತದೆ, ಆದರೆ ಪೂರ್ತಿ ಅದೂ ಅಲ್ಲ.

ಡಬ್ ಕಿವಿ
ನಿಮ್ಮ ಕಿವಿ ಸೂಕ್ಷ್ಮ ಇದೆ. ಅದು ವಾಲಿ ಬಡರೂ ಅವರ 'ಮ್ಯಾಂಬೋ'. 1984ರ 'ಎಕೋಸ್' ಆಲ್ಬಮ್. ಪ್ಯಾರಿಸ್‌ನಲ್ಲಿ ಹುಟ್ಟಿದವರು, ಮೂಲ ಪಶ್ಚಿಮ ಆಫ್ರಿಕಾದ ಬೆನಿನ್. ಬಹಾಮಾಸ್‌ನ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ಗ್ರೇಸ್ ಜೋನ್ಸ್ ಅಂಥವರಿಗೆ ಸಿಂಥ್ ನುಡಿಸಿದವರು. ಅಂದರೆ ಆ ತುಂಡೇ ನಾಲ್ಕು ದೇಶ ದಾಟಿ ಬಂದದ್ದು. ಎಲೆಕ್ಟ್ರಾನಿಕ್ ಪಾಪ್‌ಗೆ ಆಫ್ರಿಕಾ, ಕೆರಿಬಿಯನ್ ಬಣ್ಣ ಹಚ್ಚುವ ಕೆಲಸವನ್ನು ಬಡರೂ ಮೊದಲೇ ಮಾಡಿದ್ದರು. ನನ್ನ ಪ್ರಕಾರ ಅವರಿಗೆ ಸಿಗಬೇಕಾದ ಹೆಸರು ಸಿಕ್ಕಿಲ್ಲ.

ಕಾಫಿ ಎರಡು ಲೋಟ
ಯಾರೂ ನುಸ್ರತ್ ಬಗ್ಗೆ ಹೇಳಲಿಲ್ಲ! ನುಸ್ರತ್ ಫತೇ ಅಲಿ ಖಾನ್ ಅವರ 'ಮಸ್ತ್ ಮಸ್ತ್' ಹಾಡನ್ನು ಮ್ಯಾಸಿವ್ ಅಟ್ಯಾಕ್ ರೀಮಿಕ್ಸ್ ಮಾಡಿದ್ದು 1990ರಲ್ಲಿ. 'ಬ್ಲೂ ಲೈನ್ಸ್'ಗೂ ಮೊದಲು. ಪೀಟರ್ ಗೇಬ್ರಿಯಲ್ ಅವರ ರಿಯಲ್ ವರ್ಲ್ಡ್ ಕಂಪನಿಯ ಆಲ್ಬಮ್ ಅದು. 1996ರ ವಿಶ್ವಕಪ್ ಕ್ರಿಕೆಟ್ ಸಮಯದಲ್ಲಿ ಕೋಕಾ-ಕೋಲಾ ಜಾಹೀರಾತಿನಲ್ಲಿ ಬರುತ್ತಿತ್ತು. ನಮ್ಮ ವಯಸ್ಸಿನವರು ಮ್ಯಾಸಿವ್ ಅಟ್ಯಾಕ್ ಕೈಚಳಕ ಕೇಳಿದ್ದು ಹಾಗೆ, ಹೆಸರು ಗೊತ್ತಿಲ್ಲದೆಯೇ.

ಏವನ್ ದಂಡೆ
ರಿಯಲ್ ವರ್ಲ್ಡ್ ಸ್ಟುಡಿಯೋ ಇರುವುದು ಬಾಕ್ಸ್ ಅನ್ನುವ ಹಳ್ಳಿಯಲ್ಲಿ. ಇಲ್ಲಿಂದ ಜಾಸ್ತಿ ದೂರ ಇಲ್ಲ. ಕವ್ವಾಲಿ ಇವರಿಗೆ ಪಕ್ಕದೂರಿನ ಸ್ಟುಡಿಯೋದಿಂದ ಬಂತು.

ವೀಣಾ ಟೀಚರ್
ಆ ರೀಮಿಕ್ಸ್ ಬಗ್ಗೆ ನನಗೆ ತಕರಾರಿದೆ. ಕವ್ವಾಲಿಯ ಜೀವ ಏರಿಕೆಯಲ್ಲಿದೆ. ನಿಧಾನವಾಗಿ ಶುರುವಾಗಿ, ಚಪ್ಪಾಳೆ, ಕೋರಸ್, ತಾನ್ ಎಲ್ಲಾ ಸೇರಿ ಕೇಳುವವರನ್ನು ಮೇಲೆ ಎತ್ತಿಕೊಂಡು ಹೋಗಬೇಕು. ರೀಮಿಕ್ಸ್‌ನಲ್ಲಿ ತಾಳ ಒಂದೇ ಮಟ್ಟದಲ್ಲಿ ನಿಂತುಬಿಡುತ್ತದೆ. ನುಸ್ರತ್ ಸರಗಮ್ ಎಸೆಯುತ್ತಾರೆ, ಅದಕ್ಕೆ ಉತ್ತರ ಕೊಡುವವರೇ ಇಲ್ಲ. ಹೊರೇಸ್ ಆಂಡಿ ಹಾಡುವುದಕ್ಕೆ ಒಪ್ಪಿದ ಉಪಾಯ ಇಲ್ಲಿ ಒಪ್ಪುವುದಿಲ್ಲ.

ಕಾಫಿ ಎರಡು ಲೋಟ
ಮೇಡಂ, ಆ ರೀಮಿಕ್ಸ್ ಕೇಳಿದ ಮೇಲೆ ತಾನೇ ನಾನು ಮೂಲ ಕವ್ವಾಲಿ ಹುಡುಕಿದ್ದು.

ವೀಣಾ ಟೀಚರ್
ಹುಡುಕಿದ್ದು ಒಳ್ಳೆಯದಾಯಿತು. ಆದರೂ ತಕರಾರು ಹಿಂತೆಗೆದುಕೊಳ್ಳುವುದಿಲ್ಲ.

ಮಹಾವಿಷ್ಣು ಭಕ್ತ
ಹೊರಗಿನವರು, ನಮ್ಮವರು ಕೂತು ಒಬ್ಬರಿಗೊಬ್ಬರು ಉತ್ತರ ಕೊಟ್ಟದ್ದು ಬೇಕು ಅಂದರೆ ನಮ್ಮ ಬೆಂಗಳೂರಿನದ್ದೇ ಒಂದಿದೆ. 'ಜ್ಯೋತಿ', 1983. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಜೊತೆಗೆ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಮಾಮಣಿ ಗಾಯನ. ಜರ್ಮನಿಯ ಇಸಿಎಂ ಕಂಪನಿ ಹೊರತಂದದ್ದು.

ಹುಬ್ಬಳ್ಳಿ ಹೈಫೈ
'ಜ್ಯೋತಿ' ಅದ್ಭುತ. ರಮಾಮಣಿಯವರ ದನಿ ಮತ್ತು ಸ್ಯಾಕ್ಸ್ ಒಟ್ಟಿಗೆ ಹೋಗುವ ಜಾಗಗಳಲ್ಲಿ ಯಾವುದು ಯಾವುದು ಅಂತ ಒಂದು ಕ್ಷಣ ತಿಳಿಯುವುದಿಲ್ಲ.

ಸರಳಾ ಹೆಗ್ಗೋಡು
ಇದಕ್ಕೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು. ರಮಾಮಣಿಯವರ ಬಗ್ಗೆ ಬರೆಯಲು ನನಗೆ ಬಹಳ ಇದೆ.

ಗಿಟಾರ್ ಗಣಿ
ನನ್ನ ಕಡೆಯಿಂದ ಒಂದು ಮಾತು. ಮಂಜು, ಮೂಲೆ ಇಬ್ಬರೂ ಹೇಳಿದ್ದು ಓದಿದೆ. ಆರಿಸುವುದೂ ಒಂದು ಕಲೆ ಅನ್ನುವುದಕ್ಕೆ ನನ್ನ ವಿರೋಧ ಇಲ್ಲ. ನನ್ನ ಜಗಳ ದುಡ್ಡು ಮತ್ತು ಹೆಸರಿನದ್ದು. ಒಂದು ಬೇಸ್ ತುಂಡು 30 ವರ್ಷ ಜಗತ್ತಿನೆಲ್ಲೆಡೆ ಓಡಿದರೆ, ಅದನ್ನು ನುಡಿಸಿದ ಕೈಗೂ ಪಾಲು ಹೋಗಬೇಕು. ರಚನೆಕಾರನಿಗೆ ಹೋದರೆ ಸಾಲದು. ಇದು ಮ್ಯಾಸಿವ್ ಅಟ್ಯಾಕ್‌ಗೆ ಮಾತ್ರ ಅಲ್ಲ, ಎಲ್ಲರಿಗೂ ಹೇಳುವ ಮಾತು.

ಮಿಕ್ಸಿಂಗ್ ಮಂಜು
ಈ ಮಾತಿಗೆ ಸ್ಟುಡಿಯೋದಲ್ಲಿ ಕೂರುವ ನಾವೆಲ್ಲಾ ಸಹಿ ಹಾಕುತ್ತೇವೆ ಗಣಿ.

ತುಂಗಾತೀರ
ಸಹೋದ್ಯೋಗಿಗೆ ಇವತ್ತು 'ಸ್ಟ್ರೇಟಸ್' ಕಳಿಸಿದೆ, ಎರಡನ್ನೂ ಹೋಲಿಸಿ ನೋಡಲಿ ಅಂತ. ಎರಡು ನಿಮಿಷ ಕೇಳಿ "ಇದರಲ್ಲಿ ಆ ಬೇಸೇ ಇಲ್ಲವಲ್ಲ, ಬರೀ ಡ್ರಮ್ಸ್ ಗಲಾಟೆ" ಅಂತ ವಾಪಸ್ ಬರೆದಿದ್ದಾರೆ. ನಾನು ತಪ್ಪು ಹಾಡು ಕಳಿಸಿದೆನಾ?

ಗಿಟಾರ್ ಗಣಿ
ಹಾಡು ಸರಿಯಾಗಿದೆ. ಶುರುವಿನಲ್ಲಿ ಕೋಬಮ್ ಮತ್ತು ಕೀಬೋರ್ಡಿನ ಯಾನ್ ಹ್ಯಾಮರ್ ತಾಳ ಹಿಡಿಯದೆ ಆಡುತ್ತಾರೆ. ಬೇಸ್ ಬರುವುದು ಸುಮಾರು ಮೂರು ನಿಮಿಷ ಆದ ಮೇಲೆ. ಗಿಟಾರ್ ನುಡಿಸುವವರಾಗಿ ಅಷ್ಟಕ್ಕೇ ನಿಲ್ಲಿಸಿದರೆ ಹೇಗೆ? ಟಾಮಿ ಬೋಲಿನ್ ಸೋಲೋ ಇನ್ನೂ ಮುಂದಿದೆ, ಪೂರ್ತಿ ಕೇಳಲು ಹೇಳಿ.